ಮೂರು ಸೆಕೆಂಡಿನ ತಾಳ್ಮೆ

ಹೂಸುಮ್, ಮೇ ೧೯, ಭಾನುವಾರ

ಪ್ರೀತಿಯ ಮಗಳು ಇಂಕೆನ್‌ಗೆ,

ಹೇಗಿದ್ದೀ ಕಂದಾ? ಕೆಮ್ಮು ಬಿಟ್ಟಿತೇ? ಸಮುದ್ರದ ನಡುವೆ ಆ ಮರಳುದಿಬ್ಬದ ಗುಡಿಸಲಲ್ಲಿ ಒಬ್ಬಳೇ ಹಕ್ಕಿ ಎಣಿಸುತ್ತಾ ಕೂತವಳು ಹೊತ್ತಿಗೆ ಸರಿಯಾಗಿ ತಿನ್ನುತ್ತೀಯೋ ಇಲ್ಲವೋ. ನಾನು ಚೆನ್ನಾಗಿದ್ದೇನೆ, ಅಂದರೆ ಮಂಡಿ ನೋವು ಹಾಗೇ ಇದೆ, ಅದನ್ನು ಬಿಡು. ಟಾಡೆಯ ದೋಣಿಯಲ್ಲಿ ಕರಿ ಬ್ರೆಡ್ಡು, ಹೊಗೆಗಿಟ್ಟ ಮೀನು ಕಳಿಸಿದ್ದೇನೆ. ಬ್ರೆಡ್ಡನ್ನು ಮೊದಲು ಮುಗಿಸು, ಬೂಸ್ಟು ಹಿಡಿದೀತು.

ಹೋಗುವಾಗ ನನ್ನ ಸಮಾಧಾನಕ್ಕೆಂದು ನೀನು ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದುಕೊಟ್ಟ ಪುಟ್ಟ ಪ್ರೋಗ್ರಾಮು ಗಂಟೆಗೊಮ್ಮೆ ನಿನ್ನ ಗುಡಿಸಲಿನ ಕಂಪ್ಯೂಟರ್ ಪೆಟ್ಟಿಗೆಯನ್ನು ಕರೆಯುತ್ತಿತ್ತಲ್ಲ, ಅಲ್ಲಿಂದ "ಇದ್ದೀನಿ" ಎಂದು ಬಂದರೇನೇ ನನಗೆ ಊಟ ಗಂಟಲಿಗಿಳಿಯುತ್ತಿದ್ದುದು. ಆದರೆ ಉತ್ತರಕ್ಕೆ ಕಾಯುವ ಆ ಅರ್ಧ ನಿಮಿಷ ನನ್ನಿಂದಾಗಲಿಲ್ಲ. ಎಂಟನೆಯ ತರಗತಿಗೇ ಶಾಲೆ ಬಿಟ್ಟು ಸೀಗಡಿ ಸುಲಿಯಲು ಕೂತವಳಿಗೆ ಆ ಕಂಸಗಳ ಕಾಡು ಏನು ತಿಳಿಯಬೇಕು? ಸಂಪರ್ಕ ತೆರೆಯುವ ಸಾಲಿನಲ್ಲಿ ಮೂವತ್ತು ಸೆಕೆಂಡು ಎಂದಿದ್ದುದನ್ನು ಮೂರು ಮಾಡಿದೆ, ಸುದ್ದಿ ಬೇಗ ಬರುತ್ತದೆಂದುಕೊಂಡು. ಬಂದದ್ದು "ಸಮಯ ಮೀರಿದೆ" ಎಂಬ ಒಂದೇ ಮಾತು. ಬಿಡದೆ ಮತ್ತೆ ಮತ್ತೆ ಕರೆದೆ. ಕೊನೆಗೆ ಅಳುತ್ತಾ ರಕ್ಷಣಾ ದೋಣಿಯವರಿಗೆ ಫೋನು ಮಾಡಿದೆ. ಪಾಪ, ಅವರು ಅಲೆಗೆ ತೊಯ್ದು ತೊಪ್ಪೆಯಾಗಿ ಬಂದರೆ ನೀನು ಅಂಗಳದಲ್ಲಿ ಕಾಲುಚೀಲ ಒಣಗಿಸುತ್ತಿದ್ದೆಯಂತೆ. ಟಾಡೆ ಬೇಕರಿಯಲ್ಲಿ ಎಲ್ಲರೆದುರಿಗೂ, "ಏನ್ ಗೇಶಕ್ಕ, ಇವತ್ತು ಯಾರನ್ನ ಮುಳುಗಿಸ್ದೆ?" ಎನ್ನುತ್ತಾನೆ.

ನಿನ್ನ ಜೊತೆ ಕೆಲಸ ಮಾಡುತ್ತಿದ್ದ ಫೋಲ್ಕರ್ಟ್ ಬಂದು ನೋಡಿ ಹೊಟ್ಟೆ ಹಿಡಿದು ನಕ್ಕ. "ಅಷ್ಟು ದೂರದಿಂದ ಉತ್ತರ ಬರೋಕೇ ಹೊತ್ತಾಗತ್ತೆ ಗೇಶಕ್ಕ. ಬಾಗಿಲು ಬಡಿದು, ಅವಳು ಏಳೋ ಮೊದ್ಲೇ ನೀನು ಓಡಿಹೋದ್ರೆ ಯಾರು ಸಿಗ್ತಾರೆ?" ಅರ್ಧಕ್ಕೆ ಕೈಬಿಟ್ಟ ಸಾಕೆಟ್‌ಗಳನ್ನು, ಅಂದರೆ ಪ್ರತಿ ಕರೆಗೂ ತೆರೆದುಕೊಳ್ಳುವ ಬಾಗಿಲುಗಳನ್ನು, ಮುಚ್ಚದೆ ಹಾಗೇ ಬಿಟ್ಟಿದ್ದೆನಂತೆ, ನಿನ್ನ ಪೆಟ್ಟಿಗೆಯಲ್ಲಿದ್ದ ಇಷ್ಟೇ ಇಷ್ಟು ಜಾಗವನ್ನು ನನ್ನ ಹಳೆಯ ಕರೆಗಳೇ ತುಂಬಿಕೊಂಡು ಹೊಸ ಕರೆಗೆ ದಾರಿಯೇ ಇರಲಿಲ್ಲವಂತೆ. ಅವನು ಮೂವತ್ತನ್ನು ಮರಳಿ ಇಟ್ಟು, ಸೋತ ಸಾಕೆಟ್ ತಾನೇ ಮುಚ್ಚಿಕೊಳ್ಳುವಂತೆ ಮಾಡಿದ. ಸೋಲುವುದರಲ್ಲೂ ಎರಡು ಬಗೆ ಇದೆ ಎಂದ. ಪೆಟ್ಟಿಗೆ ಎಚ್ಚರವಿದ್ದು ಒಳಗಿನ ಪ್ರೋಗ್ರಾಮು ನಿಂತಿದ್ದರೆ ಕೂಡಲೇ "ನಿರಾಕರಿಸಲಾಗಿದೆ" ಎಂದು ಬರುತ್ತದೆ. ಪೆಟ್ಟಿಗೆಯೇ ಆರಿದ್ದರೆ ಏನೂ ಬರುವುದಿಲ್ಲ, ಮಿತಿ ಮುಗಿಯುವವರೆಗೆ ಬರೀ ಮೌನ.

ಈಗ ಎಲ್ಲ ಸರಿಯಾಗಿದೆ. ಆದರೂ ರಕ್ಷಣೆಯವರು ಬಂದುಹೋದ ದಿನದಿಂದ ನಿನ್ನ ಪೆಟ್ಟಿಗೆಯಿಂದ ಬರೀ ಮೌನವೇ. ಬೆಳಿಗ್ಗೆ ರೇಡಿಯೋದಲ್ಲಿ ಟಾಡೆಯ ಹತ್ತಿರ ನಗುನಗುತ್ತಾ ಮಾತಾಡುತ್ತೀಯಂತೆ, ಹಾಗಾಗಿ ನಿನಗೇನೂ ಆಗಿಲ್ಲವೆಂದು ಗೊತ್ತು. ಇನ್ನು ಯಾರಿಗೂ ಫೋನು ಮಾಡುವುದಿಲ್ಲ. ಮೇಜಿನ ಮುಂದೆ ಕೂತು ಅರ್ಧ ನಿಮಿಷವನ್ನು ಪೂರ್ತಿ ಕಾಯುತ್ತೇನೆ. ಮನೆಯಲ್ಲಿ ಬೇರೆ ಸದ್ದೇ ಇಲ್ಲ, ನೋಡು.

ಗಾಳಿ ಜೋರಾದಾಗ ಹೊರಗೆ ಹೋಗಬೇಡ. ದೇವರು ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ.

ನಿನ್ನ ಅಮ್ಮ,
ಗೇಶೆ

ಮರೆತಿದ್ದೆ: ಟಾಡೆ ಹೊರಗೆ ಕೂಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಪೆಟ್ಟಿಗೆಯ ಪ್ಲಗ್ ಕಿತ್ತದ್ದು ನೀನೇ ಎಂದು ಗೊತ್ತು ಕಣೇ. ಸಿಟ್ಟಿರಲಿ, ಬರುವಂಥದ್ದೇ. ಪ್ಲಗ್ ಮಾತ್ರ ಹಾಕು. ಬೇಕಾದರೆ ಒಳಗಿನ ಪ್ರೋಗ್ರಾಮನ್ನು ನಿಲ್ಲಿಸಿಬಿಡು. ಆಗ ನಾನು ಕರೆದ ಕೂಡಲೇ "ನಿರಾಕರಿಸಲಾಗಿದೆ" ಎಂದು ಬರುತ್ತದೆ. ನನಗೆ ಅಷ್ಟು ಸಾಕು.