ಇಲ್ಲದ ಇಲಿ

ಜನವರಿ ೧೯೭೮

ಚನ್ನಗಿರಿಯ ಮಾವನವರಿಗೆ ಅಳಿಯನ ನಮಸ್ಕಾರ.

ಹೊನ್ನಾಳಿ ಕೋರ್ಟಿನ ಕರಿಕೋಟು ಬಿಚ್ಚಿಟ್ಟು ರಾಯಭಾರ ಕಚೇರಿ ಸೇರಿದರೂ ವಕೀಲನ ಸಂಶಯ ನನ್ನನ್ನು ಬಿಟ್ಟಿಲ್ಲ. ಈ ದೇಶದ ಸರ್ಕಾರದವರು ಗೊತ್ತು ಮಾಡಿಕೊಟ್ಟ ಕೆಲಸದಾಕೆಗೆ ತನ್ನ ಭಾಷೆಯೊಂದೇ ಬರುವುದಂತೆ. ಆದರೆ ನಾವು ಕನ್ನಡದಲ್ಲಿ ಮಾತಾಡಿದಾಗಲೆಲ್ಲ ಆಕೆಯ ಪೊರಕೆ ನಿಲ್ಲುತ್ತಿತ್ತು. ಹೋದ ವಾರ ಪೇಪರಿನಿಂದ ತಲೆ ಎತ್ತದೆಯೇ ನಿಮ್ಮ ಮಗಳಿಗೆ, "ಆಕೆ ಕಾಲತ್ರ ಇಲಿ ಐತೆ ನೋಡೇ" ಎಂದೆ. ಕೆಲಸದಾಕೆ ಚಂಗನೆ ಕುರ್ಚಿ ಹತ್ತಿದಳು!

ಅನ್ನಪೂರ್ಣ ನನ್ನನ್ನು ಹೊರಗೆಳೆದುಕೊಂಡು ಹೋಗಿ ಪಿಸುಗುಟ್ಟಿದಳು, "ಕಚೇರಿ ಗುಟ್ಟೆಲ್ಲ ಇವಳ ಮುಂದೇನೇ ಆಡಿದ್ವಲ್ರೀ!"

ಈಗ ಜಗಳವಾಡಲೂ ಹಿಮದಲ್ಲಿ ಪಾರ್ಕಿಗೆ ಹೋಗುತ್ತೇವೆ, ಇಬ್ಬರಿಗೂ ನೆಗಡಿ. ಈ ಕಾರ್ಡನ್ನು ದೆಹಲಿಗೆ ಹೊರಟ ಗೆಳೆಯರ ಕೈಗೆ ಕೊಡುತ್ತಿದ್ದೇನೆ. ಉತ್ತರದಲ್ಲಿ ಮಳೆ ಬೆಳೆ ಬಿಟ್ಟು ಬೇರೇನೂ ಬರೆಯಬೇಡಿ. ಆಕೆಗೆ ಕನ್ನಡ ಓದಲೂ ಬರುತ್ತದೋ ಏನೋ.

ಗೆಳೆಯರ ಕಾರು ಬಂತು.
ಪಂಚಾಕ್ಷರಪ್ಪ