ಬೇವಿನ ಮರದಡಿ ನಿಂತ ಗಾಡಿ

ಫೆಬ್ರವರಿ ಮೂವತ್ತು, ಇಸವಿ ೨೧೭೪
ಬೇವಿನಕಟ್ಟಿ ಕ್ರಾಸ್ ಹೆದ್ದಾರಿ ಆಸ್ಪತ್ರೆ

ಆಸ್ಪತ್ರೆಗಳು ಅಪಘಾತದ ಲೆಕ್ಕ ಕಳಿಸುವ ರೀತಿಯನ್ನು ಹೊಸದು ಮಾಡಲು ಕೂತಿರುವ, ನೂರೈವತ್ತು ವರ್ಷ ಹಿಂದಿನ ಹಿರಿಯರೆಲ್ಲರಿಗೆ,

ಮೊದಲು ತಾರೀಖಿಗಾಗಿ ಕ್ಷಮೆ ಕೇಳುತ್ತೇನೆ. ಅದು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ನಿದ್ದೆ ಮಾಡಲು ಬಿಟ್ಟಿದ್ದೇವೆ. ನನ್ನ ಮಾತುಗಳೂ ಅಲ್ಲಲ್ಲಿ ವಿಚಿತ್ರ ಅನ್ನಿಸಬಹುದು. ನಿಮ್ಮ ಮಾತುಗಳು ನಮಗೆ ಇನ್ನೂ ವಿಚಿತ್ರವಾಗಿವೆ, ಆದರೆ ನಾವು ಯಾರ ಮುಂದೆಯೂ ದೂರಿಲ್ಲ.

ನಾನು ಕಸ್ತೂರಿ ಬಣಕಾರ, ಇಲ್ಲಿನ ಗಾಯದಫ್ತರದ ಕಿರಿಯ ಪಾಲಕಿ. ಪೆಟ್ಟು ತಿಂದು ಬಂದವರು ಎಷ್ಟೊತ್ತಿಗೆ ಬಂದರು, ಯಾರು ನೋಡಿದರು, ರಕ್ತ ಯಾವಾಗ ಕೊಟ್ಟರು, ಬದುಕಿದರೇ ಇಲ್ಲವೇ ಎಂಬುದೆಲ್ಲ ಗಾಯದಫ್ತರದಿಂದ ನಡುಮನೆಗೆ ಹೋಗುತ್ತದೆ. ನಡುಮನೆ ಅಂದರೆ ಎಲ್ಲ ಆಸ್ಪತ್ರೆಗಳ ಲೆಕ್ಕ ನೋಡಿ ಎಲ್ಲಿ ಏನು ಸರಿಪಡಿಸಬೇಕು ಎಂದು ತೀರ್ಮಾನಿಸುವ ರಾಜ್ಯದ ಕಚೇರಿ. ನಿಮ್ಮ ಕಾಲದಲ್ಲಿ ಇದನ್ನು ಯಾರೋ ಪಾಪದವರು ಕೇಸ್ ಶೀಟುಗಳ ಗುಡ್ಡೆ ಮುಂದೆ ಕೂತು, ಡಾಕ್ಟರ ಅಕ್ಷರ ಬಿಡಿಸಲಾಗದೆ ತಲೆ ಕೆರೆದುಕೊಂಡು, ತಿಂಗಳುಗಟ್ಟಲೆ ತಡವಾಗಿ ಕಂಪ್ಯೂಟರಿಗೆ ತುಂಬುತ್ತಿದ್ದರಂತೆ. ನಮ್ಮಲ್ಲಿ ಯಾರೂ ಏನೂ ತುಂಬುವುದಿಲ್ಲ. ಗೇಟಿನ ಮೇಲೆ ತೆಂಗಿನಕಾಯಿ ಗಾತ್ರದ ಬಾಗಿಲುಗಣ್ಣು ಕೂತಿದೆ. ಸ್ಟ್ರೆಚರ್ ಒಳಗೆ ಬಂದ ಕ್ಷಣದಿಂದ ಅದು ಹೊತ್ತು ಎಣಿಸುತ್ತದೆ, ನಾಡಿ ಓದುತ್ತದೆ, ನಡುಮನೆಗೆ ಆಗಿಂದಾಗಲೇ ತಿಳಿಸುತ್ತದೆ. ರಕ್ತ ಸೋರುತ್ತ ಕಾಯುವವರು ಕಂಡರೆ ನಡುಮನೆ ಯಾರನ್ನೂ ಕೇಳದೆ ಹಾರುಪೆಟ್ಟಿಗೆಯಲ್ಲಿ ರಕ್ತ ಕಳಿಸಿಬಿಡುತ್ತದೆ.

ನೀವು ಚಪ್ಪಾಳೆ ತಟ್ಟುವ ಮುಂಚೆ ನಮ್ಮ ಬೇವಿನ ಮರದ ಪರಿಚಯವೂ ಆಗಲಿ. ಮರ ಗೇಟಿನ ಹೊರಗಿದೆ. ಒಳಗೆ ಡಾಕ್ಟರ ಕೈ ಖಾಲಿ ಇಲ್ಲದಿದ್ದರೆ ಆಂಬುಲೆನ್ಸ್ ಅದರ ನೆರಳಿನಲ್ಲಿ ನಿಲ್ಲಬೇಕು. ಕೈ ಖಾಲಿಯಾದ ಮೇಲೆ ಗೇಟಿನ ಸರಪಳಿ ಇಳಿಯುತ್ತದೆ. ಇದು ನಮ್ಮಲ್ಲಿ ನಡೆದುಬಂದ ಪದ್ಧತಿ. ಹೀಗಾಗಿ ನಮ್ಮ ಬಾಗಿಲುಗಣ್ಣಿನ ಪ್ರಕಾರ ಬೇವಿನಕಟ್ಟಿಯಲ್ಲಿ ಯಾವ ಗಾಯಾಳುವೂ ಕಾಯುವುದಿಲ್ಲ. ಜಿಲ್ಲೆಗೇ ನಾವು ಮೊದಲು. ಇದರಲ್ಲಿ ಬರೀ ಜಂಬವಿಲ್ಲ, ಭಯವೂ ಇದೆ. ಹೊತ್ತು ಮೀರಿಸುವ ಆಸ್ಪತ್ರೆಯಿಂದ ನಡುಮನೆ ಎರಡನೇ ಡಾಕ್ಟರನ್ನು ಕಿತ್ತು, ಚೆನ್ನಾಗಿ ನಡೆಯುವ ಕಡೆಗೆ ಹಾಕುತ್ತದೆ. ಕುಂಟುವವನ ಕೋಲು ಕಸಿದು ಓಡುವವನಿಗೆ ಕೊಡುವ ನ್ಯಾಯ.

ಕಳೆದ ವಾರ ಮಟಮಟ ಮಧ್ಯಾಹ್ನ, ವರ್ಷದ ಲೆಕ್ಕ ಮುಗಿಯುವ ದಿನ, ಕ್ರಾಸಿನಲ್ಲಿ ಮಿರ್ಚಿ ಮಾರುವ ಸಾವಂತ್ರೆವ್ವನಿಗೆ ಸರಕಿನ ಬಂಡಿ ಗುದ್ದಿತು. ಡ್ರೈವರ್ ಮಕ್ತುಮಸಾಬ ಆಕೆಯನ್ನು ತಂದಾಗ ಒಳಗೆ ಇಬ್ಬರೂ ಡಾಕ್ಟರು ಮಗುಚಿದ ಬಸ್ಸಿನವರ ನಡುವೆ ಮುಳುಗಿದ್ದರು. ಗಾಡಿ ಬೇವಿನ ಕೆಳಗೆ ನಿಂತಿತು. ನಾನು ಓಡಿಹೋಗಿ ನೋಡಿದೆ: ಮಕ್ತುಮಸಾಬ ಎರಡೂ ಕೈಯಲ್ಲಿ ಆಕೆಯ ಹೊಟ್ಟೆಯ ಮೇಲಿನ ಬಟ್ಟೆ ಒತ್ತಿ ಹಿಡಿದಿದ್ದ, ಬಟ್ಟೆ ತೊಯ್ದು ಹೋಗಿತ್ತು.

"ಎಣ್ಣಿ ಒಲಿ ಮ್ಯಾಲ ಐತಿ, ಯಾರರ ಇಳಿಸ್ರಿ ಯಪ್ಪಾ" ಎಂದು ಸಾವಂತ್ರೆವ್ವ ಒಂದೇ ಸಮನೆ ಹೇಳುತ್ತಿದ್ದಳು.

"ಇಳಿಸ್ಯಾರ, ನೀ ಸುಮ್ಕಿರು" ಅಂದ ಮಕ್ತುಮಸಾಬ. ನನ್ನ ಕಡೆ ತಿರುಗಿ, "ಕಸ್ತೂರಿ, ರಕ್ತ ಬೇಕವ್ವಾ. ಈಗ ಬೇಕು" ಅಂದ.

ರಕ್ತ ಬರಬೇಕಾದರೆ ಬಾಗಿಲುಗಣ್ಣು ಆಕೆಯನ್ನು ನೋಡಬೇಕು. ಅದರ ಪಾಲಿಗೆ ಆಕೆ ಇನ್ನೂ ಆಸ್ಪತ್ರೆಗೆ ಬಂದೇ ಇರಲಿಲ್ಲ. ನಾನು ಕಿಟಕಿಗೆ ಕೂಗಿದೆ. ನಮ್ಮ ಮುಖ್ಯಸ್ಥೆ ಡಾಕ್ಟರ್ ಹಾದಿಮನಿ ತಲೆ ಎತ್ತದೆ ಒಳಗಿನಿಂದಲೇ ಕೂಗಿದರು: "ಇನ್ನೊಂದಿಷ್ಟು ಹೊತ್ತು ತಡೀರಿ! ಲೆಕ್ಕ ಮುಗಿಯೋ ದಿನ ಇವತ್ತ!"

ಸಾವಂತ್ರೆವ್ವ ಎಣ್ಣೆಯ ಮಾತು ನಿಲ್ಲಿಸಿದಳು. ವಾದ ಮಾಡುವುದು ಗಂಭೀರ ಜನರ ಕೆಲಸ. ನಾನು ಏಣಿ ತಂದು ಗೇಟಿಗೆ ಒರಗಿಸಿ ಹತ್ತಿದೆ.

"ಏ ಕ್ವಾತಿ, ಏನ್ ಮಾಡಾಕತ್ತಿ ಅಲ್ಲಿ?" ಕಾವಲಿನ ನಿರ್ವಾಣೆಪ್ಪ ಸರಪಳಿ ಹಿಡಿದೇ ಕೇಳಿದ.

"ಗೇಟ್ ತಗೊಂಡು ಹೊಂಟೀನಿ ಕಾಕಾ. ಈ ಕಣ್ಣ ಎಲ್ಲಿ ಇರತೈತಿ ಅಲ್ಲೇ ಗೇಟ್."

"ಗೇಟ್ ಯಾರರ ತಗೊಂಡ್ ಹೊಕ್ಕಾರನು?"

"ಪೇಶಂಟ್ ಒಳಗ ಬರಬಾರದು ಅಂದಾರ. ಗೇಟ್ ಹೊರಗ ಹೋಗಬಾರದು ಅಂತ ಅಂದಾರೇನು?"

ನಿರ್ವಾಣೆಪ್ಪ ಪ್ರಾಮಾಣಿಕ ಮನುಷ್ಯ. ಸ್ವಲ್ಪ ಯೋಚಿಸಿದ. "ಹಂಗೇನೂ ಅಂದಿಲ್ಲ ಬಿಡು" ಎನ್ನುತ್ತ ಏಣಿಯ ಕಾಲು ಹಿಡಿದುಕೊಂಡ.

ಬಾಗಿಲುಗಣ್ಣನ್ನು ಕಿತ್ತು, ಎದೆಗವಚಿಕೊಂಡು ಓಡಿ, ಬೇವಿನ ಟೊಂಗೆಗೆ ನನ್ನ ದುಪಟ್ಟಾದಲ್ಲಿ ಕಟ್ಟಿದೆ. ಅದು ಕೆಳಗೆ ನೋಡಿತು, ಗಾಯಾಳು ಕಾಯುತ್ತಿದ್ದಾಳೆ ಎಂದು ಕೆಂಪಾಯಿತು. ಆಕಾಶ ಮಾತ್ರ ಖಾಲಿಯೇ ಇತ್ತು. ಮಕ್ತುಮಸಾಬ ಬಟ್ಟೆಯ ಮೇಲೆ ಇನ್ನಷ್ಟು ಭಾರ ಹಾಕಿದ. "ಮಾತಾಡ ತಾಯಿ, ಒಂದ್ ಬೈಗಳರ ಬೈಯಿ ನನ್ನ" ಎಂದು ಅವನು ಬೇಡಿಕೊಳ್ಳುತ್ತಿದ್ದ. ಸಾವಂತ್ರೆವ್ವನ ತುಟಿ ಬಿಳಿಚಿತ್ತು. ನಾನು ಜೀವನದಲ್ಲಿ ಮೊದಲ ಸಲ ತಮಾಷೆಯ ಒಂದು ಮಾತೂ ಹೊಳೆಯದೆ ನಿಂತೆ. ಕೊನೆಗೆ ದಕ್ಷಿಣದ ಕಡೆಯಿಂದ ಗುಂಯ್ ಎನ್ನುತ್ತ ಪೆಟ್ಟಿಗೆ ಬಂತು.

ಡಾಕ್ಟರ್ ಹಾದಿಮನಿ ಹೊರಗೆ ಓಡಿಬಂದಾಗ ರಕ್ತದ ಚೀಲ ಟೊಂಗೆಗೆ ತೂಗುತ್ತಿತ್ತು. ಅವರು ಮೇಲೆ ನೋಡಿದರು, ನನ್ನನ್ನು ನೋಡಿದರು, "ನಾಡಿ ಎಷ್ಟೈತಿ?" ಎಂದಷ್ಟೇ ಕೇಳಿ ಬಗ್ಗಿದರು. ಆಕೆಯನ್ನು ಒಳಗೆ ಸಾಗಿಸಿ, ಹೊಟ್ಟೆ ಹೊಲಿದು ಮುಗಿಸಿದ ಮೇಲೆ ಮೆಟ್ಟಿಲ ಮೇಲೆ ಕೂತು ಹೇಳಿದರು: "ನಮ್ಮ ಹೆಸರು ಹೋತು, ಕಸ್ತೂರಿ. ಇನ್ನ ಇಬ್ಬರ ಕೆಲಸ ನಾ ಒಬ್ಬಾಕೀನ ಮಾಡಬೇಕು."

"ಹೌದ್ರಿ ಮೇಡಂ."

"ಈ ಮರದ ಬುಡಕ್ಕ ಎಷ್ಟ್ ಮಂದಿ ಸತ್ತಾರ, ಗೊತ್ತೈತೇನು ನಿನಗ?"

ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿಲ್ಲ. ನಡುಮನೆಗಂತೂ ಗೊತ್ತೇ ಇಲ್ಲ, ಏಕೆಂದರೆ ಅವರು ಯಾರೂ ನಮ್ಮ ಆಸ್ಪತ್ರೆಗೆ ಬಂದವರಲ್ಲ. ಈ ಪದ್ಧತಿಯನ್ನು ಡಾಕ್ಟರ್ ಹಾದಿಮನಿ ತಮ್ಮ ಹಿಂದಿನವರಿಂದ ಕಲಿತರು, ಅವರು ತಮ್ಮ ಹಿಂದಿನವರಿಂದ. ಹಾಗೇ ಹಿಂದೆ ಹಿಂದೆ ಹೋದರೆ ನೀವು ಕೂತಿರುವ ಕೋಣೆ ಸಿಗುತ್ತದೆ.

ಸಾವಂತ್ರೆವ್ವ ಬದುಕಿದ್ದಾಳೆ; ವಾರ್ಡಿನ ಅನ್ನಕ್ಕೆ ಉಪ್ಪಿಲ್ಲ ಎಂದು ಎಲ್ಲರಿಗೂ ಬೈಯುತ್ತಿದ್ದಾಳೆ. ನಿನ್ನೆ ನಡುಮನೆಯ ಆಜ್ಞೆ ಬಂತು. ಬಾಗಿಲುಗಣ್ಣು ಮೊದಲಿದ್ದ ಜಾಗಕ್ಕೆ ಮರಳಬೇಕು. ಎರಡನೇ ಡಾಕ್ಟರ್ ಪ್ರಭಂಜನ ನಾಳೆ ಬೆಳಿಗ್ಗೆ ಬೇರೆ ಊರಿಗೆ ಹೊರಡಬೇಕು. ನಾಳೆ ಮಧ್ಯಾಹ್ನ ಯಾರಿಗೆ ಪೆಟ್ಟಾದರೂ ಅವರಿಗೆ ಇಲ್ಲಿ ಒಬ್ಬರೇ ಡಾಕ್ಟರು.

ಆದ್ದರಿಂದ ಪೂಜ್ಯರೇ, ಲೆಕ್ಕ ಬೇಗ ಕಳಿಸುವ ಯಂತ್ರವನ್ನು ಖಂಡಿತ ಮಾಡಿ; ನಮ್ಮದು ಬಹಳ ಬೇಗ ಕಳಿಸುತ್ತದೆ, ಸುಳ್ಳನ್ನೂ ಅಷ್ಟೇ ಬೇಗ. ಆದರೆ ಹೊತ್ತನ್ನು ಗೇಟಿನಿಂದ ಎಣಿಸಬೇಡಿ, ಮನುಷ್ಯ ಬಿದ್ದ ಜಾಗದಿಂದ ಎಣಿಸಿ. ತಡವಾಯಿತು ಎಂದು ಒಪ್ಪಿಕೊಂಡ ಆಸ್ಪತ್ರೆಗೆ ಇನ್ನೊಬ್ಬ ಡಾಕ್ಟರನ್ನು ಕೊಡಿ, ಇರುವವರನ್ನು ಕೀಳಬೇಡಿ. ಒಂದು ದಿನ ನಿಮ್ಮೊಳಗೇ ಯಾರೋ ಒಳ್ಳೆಯವರು, ಆಸ್ಪತ್ರೆಯ ಮೇಲಿನ ಪ್ರೀತಿಯಿಂದಲೇ, "ಸ್ವಲ್ಪ ಹೊರಗೇ ನಿಲ್ಲಿಸ್ರಿ" ಅನ್ನುತ್ತಾರೆ. ಆಗ ದಯವಿಟ್ಟು "ಹೆಸರು ಕೆಡಲಿ, ಒಳಗೆ ತನ್ನಿ" ಅನ್ನಿ.

ನಿಮ್ಮ ಉತ್ತರ ನನಗೆ ತಲುಪಲು ದಾರಿಯಿಲ್ಲ. ಆದರೂ ನೀವು ಅದನ್ನು ಅಂದಿರೋ ಇಲ್ಲವೋ ನನಗೆ ತಿಳಿಯುತ್ತದೆ: ಅಂದಿದ್ದರೆ ಡಾಕ್ಟರನ್ನು ಕೀಳುವ ಪದ್ಧತಿಯೇ ನಮ್ಮವರೆಗೆ ಬಂದಿರುವುದಿಲ್ಲ. ಡಾಕ್ಟರ್ ಪ್ರಭಂಜನ ಎದುರಿನ ಕೋಣೆಯಲ್ಲಿ ಚೀಲ ಕಟ್ಟಿಕೊಂಡು ಕೂತಿದ್ದಾರೆ. ಅವರು ಅದನ್ನು ಬಿಚ್ಚುತ್ತಾರೋ ಎಂದು ನೋಡುತ್ತಿದ್ದೇನೆ.

ನಿಮ್ಮ ಇನ್ನೂ ಹುಟ್ಟದ,
ಕಸ್ತೂರಿ