ಒಂದು ಗೇಣು ಜಾಗ

ಅಣ್ಣನಿಗೆ ನಮಸ್ಕಾರ.

ಆರು ವರ್ಷದಿಂದ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ಅಪ್ಪನ ಕಾರು ನಿನ್ನೆ ಸ್ಟಾರ್ಟ್ ಆಯಿತು. ಗೋಡೆಯಾಚೆ ನಿನಗೂ ಸದ್ದು ಕೇಳಿಸಿರಬೇಕು. ಹಳೇ ಪೆಟ್ರೋಲ್ ಚೆಲ್ಲಿ, ಬಾನೆಟ್ಟಿನೊಳಗಿನ ಇಲಿಗೂಡು ತೆಗೆಯುವುದಕ್ಕೇ ಮೆಕ್ಯಾನಿಕ್‌ಗೆ ಎರಡು ದಿನ ಹಿಡಿಯಿತು. ಅಪ್ಪ ಇಸ್ತ್ರಿ ಅಂಗಿ ಹಾಕಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ಲಕ್ವ ಹೊಡೆದ ಮೇಲೆ ಅವರು ನಕ್ಕಿದ್ದು ನಿನ್ನೆಯೇ.

ಮೆಕ್ಯಾನಿಕ್ ರಿವರ್ಸ್ ಹಾಕಿದವನು ಶೆಡ್ಡಿನ ಬಾಗಿಲಲ್ಲೇ ನಿಲ್ಲಿಸಿಬಿಟ್ಟ. "ಸಾರ್, ಈ ಗೋಡೆ ಕಟ್ಟಿಸಿದೋರು ಒಳಗೆ ಕಾರಿರೋದು ನೋಡ್ಲಿಲ್ವಾ?" ಅಂದ. ಕಾರು ಹೊರಬರಲು ಒಂದು ಗೇಣು ಜಾಗ ಕಡಿಮೆ.

ಮನೆ ಪಾಲಾದಾಗ ಗೋಡೆ ಅಂಗಳದ ನಟ್ಟನಡುವೆಯೇ ಬರಬೇಕೆಂದು ಟೇಪು ಹಿಡಿದು ಹಟ ಮಾಡಿದವನು ನಾನೇ. "ಒಂದಡಿ ನನ್ನ ಕಡೆ ಸರಿಸ್ಕೊಳ್ಳೋ, ಮುಂದೆ ಬೇಕಾಗತ್ತೆ" ಅಂತ ನೀನಂದೆ. ನಿನ್ನ ಭಿಕ್ಷೆ ಬೇಡ ಅಂದುಬಿಟ್ಟೆ.

ಅಪ್ಪನಿಗೆ ಗೋಡೆಯ ಮಾತು ತಲೆಗೇ ಹೋಗುತ್ತಿಲ್ಲ. "ಹಿಂದೆ ನಿಂತು ಬರ್ಲಿ ಬರ್ಲಿ ಅನ್ನೋಕೆ ನಿಮ್ಮಣ್ಣ ಇಲ್ಲ, ಅದಕ್ಕೇ ಗಾಡಿ ಬರ್ತಿಲ್ಲ. ಅವನನ್ನ ಕರಿ" ಅನ್ನುತ್ತಾರೆ. ಇವತ್ತೂ ಬೆಳಗಿನಿಂದ ಕಾರಿನ ಸೀಟು ಬಿಟ್ಟು ಎದ್ದಿಲ್ಲ. ಊಟವೂ ಅಲ್ಲೇ ಆಯಿತು.

ನಿನ್ನ ಬಾಗಿಲ ತನಕ ಎರಡು ಸಲ ಬಂದೆ. ಬೆಲ್ ಒತ್ತಲು ಕೈ ಬರಲಿಲ್ಲ. ಗೋಡೆ ಒಡೆಯಲು ನಿನ್ನ ಒಪ್ಪಿಗೆ ಬೇಕು. ಒಪ್ಪದಿದ್ದರೂ ನಾನು ತಪ್ಪು ತಿಳಿಯುವುದಿಲ್ಲ. ಸದ್ಯಕ್ಕೆ ಒಂದು ಉಪಕಾರ ಮಾಡು. ಇವತ್ತು ಸಂಜೆ ನಿನ್ನ ಅಂಗಳದಲ್ಲೇ ನಿಂತು, ಒಂದೇ ಒಂದು ಸಲ, "ಬರ್ಲಿ, ಬರ್ಲಿ" ಅಂತ ಕೂಗು.

ಅಪ್ಪ ಕಿಟಕಿ ಇಳಿಸಿಕೊಂಡೇ ಕೂತಿದ್ದಾರೆ.

ಗೋಡೆಯ ಈಚೆಯಿಂದ,
ನಿನ್ನ ತಮ್ಮ